ಮುಚ್ಚಿದ ಕಣ್ಣಿನ ಫೋಟೊ

ಪತ್ರಿಕೆಗಾಗಿ ನಾನು ತೆಗೆದ ಫೋಟೊಗಳಲ್ಲಿ ಹೆಚ್ಚಿನವು ಈಗ ನನಗೆ ನೆನಪಿಲ್ಲ. ಉದ್ಘಾಟನೆ, ಧರಣಿ, ತುಂಬಿದ ಕೆರೆ, ಮಗುಚಿದ ಲಾರಿ. ತೊಂಬತ್ತರ ದಶಕದಲ್ಲಿ ಬೈಲಹೊಂಗಲದಲ್ಲಿ ಕೋಣೆ ಮಾಡಿಕೊಂಡು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಸುದ್ದಿಯನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದೆ. ಸುದ್ದಿ ಬರೆದು, ಫಿಲ್ಮ್ ರೋಲನ್ನು ಲಕೋಟೆಗೆ ಹಾಕಿ, ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆಯೊಳಗೆ ಅದು ಕಚೇರಿ ಸೇರುತ್ತಿತ್ತು. ಲಕೋಟೆಯ ಮೇಲೆ ವಿವರ ಬರೆಯುವುದು ಕಡ್ಡಾಯ: ಎಲ್ಲಿ, ಯಾವತ್ತು, ಏನು ಸಂದರ್ಭ, ಎಡದಿಂದ ಬಲಕ್ಕೆ ಯಾರು ಯಾರು.

ಈ ಎಡಬಲದ ಶಿಸ್ತು ನನಗೆ ಒಂದು ತಪ್ಪಿನಿಂದ ಬಂತು. ರಾಮದುರ್ಗದಲ್ಲಿ ನೇಕಾರರ ಸಭೆಯೊಂದರಲ್ಲಿ, ಒಬ್ಬರಿಗೊಬ್ಬರು ಮಾತೇ ಆಡದ ಇಬ್ಬರು ಮುಖಂಡರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ಫೋಟೊ ತೆಗೆದೆ. ಕೂತವರ ಎಡವನ್ನೇ ಫೋಟೊದ ಎಡವೆಂದು ಬರೆದು ಕಳಿಸಿದೆ. ಮರುದಿನ ಒಬ್ಬರ ಮುಖದ ಕೆಳಗೆ ಇನ್ನೊಬ್ಬರ ಹೆಸರು. ಇಬ್ಬರೂ ಜಗಳ ಮರೆತು ಒಂದೇ ಮೋಟರ್ ಸೈಕಲ್ ಮೇಲೆ ನನ್ನ ಕೋಣೆಗೆ ಬಂದರು. ಆಮೇಲೆ ನಾನು ಲಕೋಟೆಯ ಮೇಲೆ ಬರೆದದ್ದನ್ನು ಎರಡು ಸಲ ಓದದೆ ಅಂಟು ಹಚ್ಚಿದ್ದಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಉಳಿದಿರುವ ಫೋಟೊ ಪತ್ರಿಕೆಯಲ್ಲಿ ಬಂದದ್ದಲ್ಲ. ಅದರ ಲಕೋಟೆಯ ಮೇಲೆ ನಾನು ಏನನ್ನೂ ಬರೆದಿರಲಿಲ್ಲ.

ಮುರಗೋಡದಲ್ಲಿ ನಮ್ಮ ಪತ್ರಿಕೆಯ ಏಜೆಂಟ್ ಒಬ್ಬ ರೈತ. ಬೆಳಗಿನ ಬಸ್ಸಿನಲ್ಲಿ ಬಂದ ಪೇಪರ್ ಕಟ್ಟು ಬಿಚ್ಚಿ, ಮನೆಮನೆಗೆ ಹಂಚಿ, ಆಮೇಲೆ ಹೊಲಕ್ಕೆ ಹೋಗುತ್ತಿದ್ದ. ಸವದತ್ತಿಗೋ ರಾಮದುರ್ಗಕ್ಕೋ ಹೋಗುವ ದಾರಿಯಲ್ಲಿ ನಾನು ಅವನ ಮನೆಯಲ್ಲಿ ಇಳಿಯುವುದು ರೂಢಿಯಾಗಿತ್ತು. ಹತ್ತು ನಿಮಿಷ ಎಂದು ಹೋದವನನ್ನು ಅವನ ತಾಯಿ ಊಟ ಮಾಡಿಸದೆ ಬಿಡುತ್ತಿರಲಿಲ್ಲ.

"ಕುಂಡ್ರಿ ಕುಂಡ್ರಿ. ಸುದ್ದಿ ಎಲ್ಲಿಗೂ ಓಡಿ ಹೋಗಂಗಿಲ್ಲ, ರೊಟ್ಟಿ ಆರತಾವು" ಎನ್ನುತ್ತಿದ್ದರು.

ಆ ತಾಯಿಯ ಒಂದು ಕಣ್ಣಿಗೆ ಬಿಳಿ ಪೊರೆ ಬಂದಿತ್ತು. ಜೋಳದ ರಾಶಿ ಮಾಡುವಾಗ ಕಡ್ಡಿ ಸಿಡಿದು ಚುಚ್ಚಿ ಹೋದ ಕಣ್ಣು. ಆಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳಂತೆ. ಊರಿನಲ್ಲಿ ಆ ಮನೆಯನ್ನು ಒಕ್ಕಣ್ಣಿ ಮನೆ ಎಂದೇ ಗುರುತು ಹೇಳುತ್ತಿದ್ದರು. ಅವರು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವರಂತೆ ಇರುತ್ತಿದ್ದರು. ಕ್ಯಾಮೆರಾ ಕಂಡರೆ ಮಾತ್ರ ಎದ್ದು ಒಳಗೆ ಹೋಗುವರು. "ನನ್ನ ಫೋಟೊ ತಗದ್ರ ನಿಮ್ಮ ಡಬ್ಬಿ ಒಡದೀತು ನೋಡ್ರಿ" ಎಂದು ನಗುವರು. ಮಗನ ಮದುವೆಯ ಆಲ್ಬಮ್ಮಿನಲ್ಲಿ ನಾಲ್ಕೈದು ಕಡೆ ಇದ್ದರು; ಎಲ್ಲದರಲ್ಲೂ ತಲೆ ಬಗ್ಗಿಸಿ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು. ಮತದಾರರ ಚೀಟಿಗೆ ಫೋಟೊ ತೆಗೆಯಲು ಊರಿಗೆ ಬಂದ ದಿನ ಅವರು ಬೆಳಿಗ್ಗೆಯೇ ಹೊಲಕ್ಕೆ ಹೋಗಿಬಿಟ್ಟಿದ್ದರು.

ಒಂದು ದಿನ ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಮಗ ಫೋನ್ ಮಾಡಿದ. "ಅವ್ವ ಹ್ವಾದ್ಲರಿ. ಡಬ್ಬಿ ತೊಗೊಂಡ ಬರ್ರಿ. ಇಲ್ಲಿ ಸ್ಟುಡಿಯೊದಂವ ಲಗ್ನದ ಫೋಟೊ ತಗ್ಯಾಕ ಹೋಗ್ಯಾನ."

ಅವರ ಮನೆತನದಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ನಾನು ಹೋಗುವಷ್ಟರಲ್ಲಿ ಆ ತಾಯಿಯನ್ನು ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ. ಎಡ ಅಂಗೈಯಲ್ಲಿ ಲಿಂಗ. ಭಜನೆಯವರು ಒಂದು ಪದ ಮುಗಿಸಿ ಇನ್ನೊಂದಕ್ಕೆ ತಾಳ ಕೂಡಿಸಿಕೊಳ್ಳುತ್ತಿದ್ದರು.

ಅಲ್ಲಿ ನಾನು ಮಾಡಿದ್ದನ್ನು ಮಾಡಿದಂತೆಯೇ ಬರೆಯುತ್ತೇನೆ. ಮೊದಲು ಅಕ್ಕಪಕ್ಕ ಕೂತ ಹೆಂಗಸರನ್ನು ಸರಿಸಿದೆ. ಹಿಂದೆ ಗೂಟಕ್ಕೆ ನೇತುಹಾಕಿದ್ದ ಚೀಲ, ಕೊಡೆ ತೆಗೆಸಿದೆ. ಪಕ್ಕದ ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತಿತ್ತು. ಅದು ಮುಖದ ಅರ್ಧಕ್ಕೆ ಬಿದ್ದು ಇನ್ನರ್ಧ ನೆರಳಿನಲ್ಲಿ ಉಳಿದರೆ ಚೆನ್ನಾಗಿರುತ್ತದೆ ಅನ್ನಿಸಿತು. ಇಬ್ಬರು ಗಂಡಸರಿಗೆ ಹೇಳಿ, ಕೂರಿಸಿದ್ದ ಮಣೆಯನ್ನು ಸ್ವಲ್ಪ ತಿರುಗಿಸಿದೆ.

ಹಿಂದಿನಿಂದ ಒಬ್ಬ ಅಜ್ಜಿ ಅಂದದ್ದು ಕೇಳಿಸಿತು: "ಏನ ಮದಲಗಿತ್ತಿ ಫೋಟೊ ತಗ್ಯಾಕ ಹತ್ತ್ಯಾನೇನ ಇಂವ?"

ನಾನು ಆರು ಫೋಟೊ ತೆಗೆದೆ. ವರದಿಗೆಂದು ಹೋದಾಗ ಇಷ್ಟು ಜತನ ಮಾಡಿದವನಲ್ಲ. ಸಾವಿನ ಮನೆಯಲ್ಲಿ ನಿಂತು ಒಳ್ಳೆಯ ಚಿತ್ರವೊಂದು ಸಿಕ್ಕಿತೆಂಬ ಸಮಾಧಾನ ನನಗೆ ಆದದ್ದು ನಿಜ. ಅದನ್ನು ಆಮೇಲೆ ಬೇರೆ ಹೆಸರಿನಿಂದ ಕರೆಯಲು ನೋಡಿದ್ದೇನೆ: ಗೌರವ, ಋಣ, ಹೀಗೆ. ಆದರೆ ಆ ಹೊತ್ತಿನಲ್ಲಿ ಅದು ಕಸುಬಿನ ಖುಷಿಯೇ ಆಗಿತ್ತು.

ಮಗಳನ್ನು ಕಿತ್ತೂರಿಗೆ ಕೊಟ್ಟಿದ್ದರು. ಸುದ್ದಿ ತಡವಾಗಿ ಮುಟ್ಟಿ, ಬೈಲಹೊಂಗಲದಲ್ಲಿ ಬಸ್ಸು ಬದಲಿಸಿ ಆಕೆ ಬರುವಷ್ಟರಲ್ಲಿ ಮಣ್ಣು ಕೊಟ್ಟು ಬಂದವರು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಆಕೆ ಬಹಳ ಹೊತ್ತು ಅತ್ತಳು. ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ನನ್ನ ಹತ್ತಿರ ಬಂದು ಕೇಳಿದಳು:

"ಅಣ್ಣಾರ, ಫೋಟೊದಾಗ ಮಾರಿ ಬಂದೈತೇನ್ರಿ?"

"ಬಂದೈತಿ ತಂಗಿ."

"ಪೂರಾ ಬಂದೈತಿ? ಸೆರಗ ಅಡ್ಡ ಇಲ್ಲಲ್ರಿ?"

"ಇಲ್ಲ. ಪೂರಾ ಬಂದೈತಿ."

"ನನಗ ಕಡೀಕ ಮಾರಿ ನೋಡಾಕ ಆಗಲಿಲ್ರಿ. ಅದನ್ನರ ನೋಡತೇನಿ" ಅಂದಳು.

ಫಿಲ್ಮ್ ತೊಳೆಸಿ, ದೊಡ್ಡದು ಮಾಡಿಸಲು ಮಗ ಮತ್ತು ನಾನು ಬೈಲಹೊಂಗಲದ ಸ್ಟುಡಿಯೊ ಒಂದಕ್ಕೆ ಹೋದೆವು. ಅಲ್ಲಿ ಫೋಟೊಗಳ ಮೇಲೆ ಕುಂಚದಿಂದ ತಿದ್ದುವ ಕೆಲಸ ಮಾಡುತ್ತಿದ್ದವರು ವಯಸ್ಸಾದ ಒಬ್ಬ ಮುಸ್ಲಿಮ್ ಕಸುಬುದಾರ. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ತಂದೆಯ ಕಾಲದಿಂದ ಅಂಗಡಿ ಬೋರ್ಡು ಬರೆಯುವ ಮನೆತನ. ಆ ದಿನಗಳಲ್ಲಿ ಅವರ ಹತ್ತಿರ ಹೆಚ್ಚಾಗಿ ಬರುತ್ತಿದ್ದ ಕೆಲಸ ಸತ್ತವರ ಕಣ್ಣು ತೆರೆಸುವುದು. ಮುಚ್ಚಿದ ರೆಪ್ಪೆಯ ಮೇಲೆ ಕಪ್ಪು, ಬಿಳಿ, ಬೂದು ಬಣ್ಣಗಳಿಂದ ತೆರೆದ ಕಣ್ಣು ಬರೆಯುತ್ತಿದ್ದರು. ಬದುಕಿದ್ದಾಗಿನ ಫೋಟೊ ಇಲ್ಲದವರಿಗೆ ಅವರದೊಂದು ರೂಢಿ ಇತ್ತು: ಮಕ್ಕಳಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿ, ಅವರ ಕಣ್ಣು ನೋಡಿ ಬರೆಯುವುದು. ತಾಯಿಯ ಕಣ್ಣು ಮಕ್ಕಳಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ ಎಂದು ಅವರ ನಂಬಿಕೆ.

ಪ್ರಿಂಟು ನೋಡಿ ಅವರು ನನಗೆ ಹೇಳಿದರು: "ಇಂಥಾ ಬೆಳಕ ಎಲ್ಲಿಂದ ತಂದ್ರಿ ಪೇಪರ್ ಸಾಹೇಬ್ರ? ಸತ್ತವರ ಮನ್ಯಾಗ ಇದು ಸಿಗೂದಲ್ಲ."

ನನಗೆ ಹಿತವಾಯಿತು. ಆದರೂ ದಾರಿಯಲ್ಲಿ ಬರುವಾಗ ಮಗನಿಗೆ ಹೇಳಿದ್ದನ್ನು ಮತ್ತೆ ಹೇಳಿದೆ: "ಕಣ್ಣ ಮುಚ್ಚಿದ್ದ ಇರ್ಲಿ ಬಿಡ್ರಿ. ಇದ್ದದ್ದು ಇದ್ದಂಗ." ನಮ್ಮ ಕಚೇರಿಯಲ್ಲಿ ಫೋಟೊದ ಮೇಲೆ ಕುಂಚ ಇಟ್ಟವನಿಗೆ ಮರ್ಯಾದೆ ಇರಲಿಲ್ಲ.

"ಸತ್ತಾಕೀನ ಗ್ವಾಡಿಗೆ ಹಾಕ್ಲೇನ್ರಿ?" ಅಂದ ಮಗ. "ನಾ ನಮ್ಮವ್ವನ್ನ ಹಾಕಬೇಕು."

ಚಾಚಾ ಅವನನ್ನು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿದರು. ಅವನ ಕಣ್ಣು ತುಂಬಿತ್ತು. "ಒರಸ್ಕೋರಿ, ಒರಸ್ಕೋರಿ. ಅಳೂ ಕಣ್ಣ ನೋಡಿ ಬರದ್ರ ಅವ್ವಾರು ಗ್ವಾಡಿ ಮ್ಯಾಲ ಕುಂತು ವರ್ಷಗಟ್ಟಲೆ ಅಳಬೇಕಾಗತೈತಿ" ಅಂದರು. ಅವನು ಮುಖ ಒರೆಸಿಕೊಂಡು ನೆಟ್ಟಗೆ ಕೂತ. ಚಾಚಾ ಆ ತಾಯಿಯನ್ನು ಕಂಡವರಲ್ಲ. ಒಂದು ಕಣ್ಣಿಗೆ ಪೊರೆ ಇತ್ತೆಂದು ಮಗ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವನು ಮರೆತನೆಂದು ನಾನು ಅಂದುಕೊಳ್ಳಲಿಲ್ಲ. ಬೇಕೆಂದೇ ಬಿಟ್ಟಿದ್ದಾನೆ ಎಂದು ಗೊತ್ತಾಗಿಯೇ ಸುಮ್ಮನಿದ್ದೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಎರಡು ದಿನ ಮೊದಲು ಫೋಟೊ ಸಿದ್ಧವಾಯಿತು. ಚೌಕಟ್ಟು ಹಾಕಿಸಿಕೊಂಡು ನಾನೇ ಮುರಗೋಡಕ್ಕೆ ಒಯ್ದೆ. ಮಗಳು ತವರಿನಲ್ಲೇ ಉಳಿದಿದ್ದಳು. ಕಾಗದ ಬಿಚ್ಚಿ, ಗೋಡೆಗೆ ಆನಿಸಿ ಇಟ್ಟೆ. ಆಕೆ ಎದುರಿಗೆ ಕೂತು ನೋಡಿದಳು. ನಾವೆಲ್ಲ ಆಕೆ ಅಳುತ್ತಾಳೆಂದು ಕಾದೆವು.

"ಇದು ಯಾರು?" ಅಂದಳು.

"ಏ ಹುಚ್ಚಿ, ಅವ್ವ" ಅಂದ ಅಣ್ಣ.

"ಅವ್ವ ಎಲ್ಲಿ? ನಿನಗ ಸೀರಿ ಉಡಿಸಿ ಕುಂದರ್ಸ್ಯಾರ."

ಪಡಸಾಲೆಯಲ್ಲಿ ಕೂತಿದ್ದ ನೆರೆಯವರೊಬ್ಬರು ನಕ್ಕುಬಿಟ್ಟರು, ಕೂಡಲೇ ಕೆಮ್ಮಿದಂತೆ ಮಾಡಿದರು. ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ. ಹಣೆ, ಮೂಗು, ಸುಕ್ಕು ಎಲ್ಲವೂ ತಾಯಿಯವು. ನೋಟ ಮಾತ್ರ ಸ್ಟೂಲಿನ ಮೇಲೆ ನೆಟ್ಟಗೆ ಕೂತ ಮಗನದು.

"ಊರ ಪೂರಾ ಒಕ್ಕಣ್ಣಿ ಒಕ್ಕಣ್ಣಿ ಅಂತ ಕರೀತು" ಅಂದ ಅಣ್ಣ. ಅವನ ದನಿ ಏರಲಿಲ್ಲ. "ಸಾಲ್ಯಾಗ ನನಗೂ ಒಕ್ಕಣ್ಣಿ ಮಗ ಅಂತಿದ್ರು. ಗ್ವಾಡಿ ಮ್ಯಾಲರ ಎರಡ ಕಣ್ಣ ಇರ್ಲಿ ಆಕಿಗೆ. ಯಾರಿಗೇನ ನಷ್ಟ?"

"ನನಗ ನಷ್ಟ. ನೀ ಕಡೀಕ ಮಾರಿ ನೋಡೀದಿ, ನಿನಗ ನಡೀತೈತಿ. ನನಗ ತಿಳುವಳಿಕಿ ಬಂದಾಗಿಂದ ಆ ಕಣ್ಣಿನಾಕೀನ ನನ್ನವ್ವ. ಎರಡ ಕಣ್ಣಿನಾಕಿ ನನಗ ಗುರ್ತಿಲ್ಲ."

ಇಬ್ಬರಿಗೂ ಅವರವರ ನ್ಯಾಯ ಇತ್ತು. ನಾನು ಮಗಳ ಕಡೆಗೆ ವಾಲಿದೆ, ಯಾಕೆಂದರೆ ಅದು ನನ್ನ ಕಸುಬಿನ ನ್ಯಾಯವೂ ಆಗಿತ್ತು. ಜೇಬಿನಿಂದ ನೋಟ್‌ಬುಕ್ ತೆಗೆದು ಹೇಳಿದೆ: "ಚಾಚಾಗ ಹೇಳಿ ತಿದ್ದಸ್ತೇನಿ. ಯಾವ ಕಣ್ಣು, ಹೇಳ್ರಿ."

"ಬಲಗಣ್ಣ" ಅಂದ ಅಣ್ಣ.

"ಎಡಗಣ್ಣ" ಅಂದಳು ತಂಗಿ.

ಒಂದೇ ಉಸಿರಿನಲ್ಲಿ ಅಂದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ವರ್ಷಗಟ್ಟಲೆ ಆ ತಾಯಿ ಬಡಿಸಿದ್ದನ್ನು ಉಂಡವನು ನಾನು. ಮುಖ ಕಣ್ಣೆದುರಿಗೆ ಬರುತ್ತಿತ್ತು, ಪೊರೆಯೂ ಬರುತ್ತಿತ್ತು. ಅದು ಯಾವ ಬದಿಗೆ ಎಂದು ಕೇಳಿಕೊಂಡರೆ ಒಮ್ಮೆ ಇತ್ತ, ಒಮ್ಮೆ ಅತ್ತ ಸರಿಯುತ್ತಿತ್ತು. ಅಣ್ಣ ತನ್ನ ಬಲಗಣ್ಣು ಮುಟ್ಟಿಕೊಂಡು, ಎದುರಿಗೆ ಕೈ ಚಾಚಿ, ಮತ್ತೆ ಎಡಗಣ್ಣು ಮುಟ್ಟಿಕೊಂಡ. "ತಡೀರಿ, ತಡೀರಿ" ಅಂದ. ಸೋದರಮಾವ ಬಲ ಅಂದರು. ಪಕ್ಕದ ಮನೆಯವರು "ಎಡಕ್ಕ ಇರಬೇಕ್ರಿ" ಅಂದರು. ಇರಬೇಕು ಅನ್ನುವ ಮಾತನ್ನು ನಾನು ಯಾವ ವರದಿಯಲ್ಲೂ ಬರೆದುಕೊಂಡವನಲ್ಲ.

ಚೀಲದಲ್ಲಿ ತಿದ್ದದ ಪ್ರಿಂಟು ಇತ್ತು. ತೆಗೆದು ನೋಡಿದೆ. ಮುಚ್ಚಿದ ಎರಡು ರೆಪ್ಪೆಗಳು, ಒಂದಕ್ಕೊಂದು ಸರಿಸಮ. ಇದ್ದದ್ದು ಇದ್ದ ಹಾಗೆ ಎಂದು ನಾನು ಮಗನಿಗೆ ಎರಡು ಸಲ ಹೇಳಿದ ಫೋಟೊ ಅದು. ಊರಿಗೆ ಊರೇ ಗುರುತು ಹಿಡಿಯುತ್ತಿದ್ದ ಒಂದು ಸಂಗತಿ ಅದರಲ್ಲಿ ಇರಲೇ ಇಲ್ಲ. ಚಾಚಾರ ಕುಂಚದಷ್ಟೇ ಅಚ್ಚುಕಟ್ಟಾಗಿ ನನ್ನ ಕ್ಯಾಮೆರಾವೂ ಅದನ್ನು ಬಿಟ್ಟಿತ್ತು.

ಆಗ ಅಡುಗೆಮನೆಯ ಹೊಸ್ತಿಲಿನಲ್ಲಿ ನಿಂತಿದ್ದ ಸೊಸೆ, ಅಂದರೆ ಏಜೆಂಟನ ಹೆಂಡತಿ, ಹೇಳಿದಳು: "ಬಲಗಣ್ರಿ."

ಆಕೆಯನ್ನು ನಾವು ಯಾರೂ ಕೇಳಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವರನ್ನು ಕೇಳಿದ್ದೆ, ಬಂಧುಗಳನ್ನು ಕೇಳಿದ್ದೆ, ನೆರೆಯವರನ್ನು ಕೇಳಿದ್ದೆ.

"ನಿಮಗ ಹೆಂಗ ಗೊತ್ತು ವೈನಿ?" ಅಂದಳು ನಾದಿನಿ. ಅತ್ತಿಗೆಯನ್ನು ಅಲ್ಲಿ ವೈನಿ ಎನ್ನುತ್ತಾರೆ.

ಸೊಸೆ ನನ್ನ ಕೈಯಲ್ಲಿದ್ದ ಪ್ರಿಂಟಿಗೆ ಬೆರಳು ಇಟ್ಟಳು. "ಈ ಕೈ ನೋಡ್ರಿ. ಲಿಂಗ ಇದ್ದದ್ದು ಎಡಗೈ, ಇದು ಬಲಗೈ. ಮಣಿಕಟ್ಟಿನ ಮ್ಯಾಲ ಹಂಚು ಸುಟ್ಟ ಗೀರ ಎಷ್ಟ ಅದಾವ ನೋಡ್ರಿ. ಆ ಕಡೆ ಕಾಣತಿರಲಿಲ್ಲ ಅತ್ತಿಯವರಿಗೆ."

ಗೆರೆಗಳು ಇದ್ದವು. ನಾನು ಬೆಳಕು ನೋಡಿದ್ದೆ, ಗೆರೆ ನೋಡಿರಲಿಲ್ಲ.

ಆದರೆ ನಾದಿನಿ ತನ್ನ ಬಲಗೈ ಚಾಚಿದಳು. ಅಲ್ಲೂ ಗೆರೆಗಳಿದ್ದವು. "ಕೈ ಸುಡಲಾರದ ರೊಟ್ಟಿ ಬಡಿಯಾಕಿ ಯಾರದಾರ ವೈನಿ? ನಿಮ್ಮ ಕೈ ತೋರಸ್ರಿ ನೋಡೂಣು."

ಸೊಸೆ ಕೈ ತೋರಿಸಲಿಲ್ಲ. "ಹಂಗಾದ್ರ ಒಳಗ ಬರ್ರಿ" ಅಂದಳು.

ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಒಲೆಯ ಮುಂದೆ ಅತ್ತೆ ಕೂರುತ್ತಿದ್ದ ಮಣೆ ಇತ್ತು. ನೀರಿನ ತಂಬಿಗೆ ಅದರ ಎಡಕ್ಕಿತ್ತು. ಹಿಟ್ಟು ಮುಟ್ಟಿದ ಬಲಗೈ ತೊಳೆಯಲು ನೀರು ಬಲಕ್ಕೆ ಇರುವುದು ಎಲ್ಲ ಮನೆಯ ಕ್ರಮ.

"ನಾ ಈ ಮನಿಗೆ ಬಂದ ಹೊಸದಾಗಿ, ನಮ್ಮ ತವರಿನಂಗ ಬಲಕ್ಕ ಇಡತಿದ್ದೆ" ಅಂದಳು ಸೊಸೆ. "ಒಂದ ವಾರದಾಗ ಮೂರ ಸಲ ಕೈ ಬಡದು ಚೆಲ್ಲಿದ್ರು. ಒಮ್ಮೆನೂ ಹೇಳಲಿಲ್ಲ, ಕಾಣಂಗಿಲ್ಲವ್ವಾ ಅಂತ. 'ಕೈಗೆ ವಯಸ್ಸಾತು' ಅಂದ್ರು. ನಾನ ತಿಳಕೊಂಡು ಎಡಕ್ಕ ಇಟ್ಟೆ. ಇಟ್ಟಿದ್ದಕ್ಕೂ ಏನೂ ಅನ್ನಲಿಲ್ಲ. ಅವತ್ತಿಂದ ನಾ ಅವರ ಬಲಕ್ಕ ಕುಂಡ್ರತಿದ್ದೆ. ಆ ಕಡೆಯ ಕೆಂಡ, ಬೆಕ್ಕು, ಹಾಲು ಎಲ್ಲಾ ನಂದು." ಆಮೇಲೆ ನಾದಿನಿಗೆ ಹೇಳಿದಳು, ತಪ್ಪು ಹೊರಿಸುವ ದನಿಯಲ್ಲಿ ಅಲ್ಲ: "ನೀವು ತವರಿಗೆ ಬಂದಾಗ ಎದುರಿಗೆ ಕುಂಡ್ರತಿದ್ರಿ. ಎದುರಿಗೆ ಕುಂತವರಿಗೆ ಅದು ತಿಳ್ಯಂಗಿಲ್ಲ."

ಮಗಳು ಮಣೆಯ ಮೇಲೆ ಕೂತಳು. ತಂಬಿಗೆಯನ್ನು ಬಲಕ್ಕೆ ಇಟ್ಟುಕೊಂಡಳು. ಎಡಗೈಯಿಂದ ಬಲಗಣ್ಣು ಮುಚ್ಚಿ, ಒಲೆಯನ್ನೇ ನೋಡುತ್ತ, ಬಲಗೈಯನ್ನು ತಂಬಿಗೆಯ ಕಡೆಗೆ ಒಯ್ದಳು. ಬೆರಳು ತಗುಲಿ ತಂಬಿಗೆ ವಾಲಿತು, ಸೊಸೆ ಹಿಡಿದಳು. ಮಗಳು ಕಣ್ಣಿನ ಮೇಲಿನ ಕೈ ತೆಗೆಯದೆ ಹಾಗೆಯೇ ಕೂತು ಅತ್ತಳು. ಫೋಟೊ ನೋಡಿದಾಗ ಬರುತ್ತದೆಂದು ನಾವು ಕಾದ ಅಳು ಇಲ್ಲಿ ಬಂತು.

ಅಣ್ಣ ನನ್ನ ಹಿಂದೆ ನಿಂತಿದ್ದ. "ಹದಿನೈದ ವರ್ಷ ಆತು ಲಗ್ನಾಗಿ. ದಿನಾ ಇಲ್ಲೇ ಉಂಡೇನಿ. ಈ ತಂಬಗಿ ಯಾಕ ಎಡಕ್ಕೈತಿ ಅಂತ ನಾ ಒಂದಿನ ಕೇಳಲಿಲ್ಲ" ಅಂದ. ಆಮೇಲೆ, "ಬರಸ್ರಿ. ಬಲಗಣ್ಣ" ಅಂದ. ನಾನು ಬರೆದುಕೊಂಡೆ.

ಕಾರ್ಯವನ್ನು ಮುಚ್ಚಿದ ಕಣ್ಣಿನ ಸಣ್ಣ ಪ್ರಿಂಟು ಇಟ್ಟು ಮುಗಿಸಿದರು. ಮಗಳು ಕಿತ್ತೂರಿಗೆ ಹೋಗುವ ದಿನ ಬೈಲಹೊಂಗಲದಲ್ಲಿ ಇಳಿದು ನನ್ನ ಜೊತೆ ಚಾಚಾರ ಹತ್ತಿರ ಬಂದಳು. ವಿಷಯ ಕೇಳಿ ಅವರು ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. "ಕಣ್ಣ ತೆರಸಾಕ ಬಂದವರನ್ನ ಭಾಳ ನೋಡೇನಿ. ಕಣ್ಣ ಕೆಡಸಾಕ ಬಂದವರು ನೀವ ಮೊದಲ" ಅಂದರು. ಆಮೇಲೆ ಪ್ರಿಂಟನ್ನು ಕಿಟಕಿಗೆ ಹಿಡಿದು ನನಗೆ ಹೇಳಿದರು: "ನೀವು ಬೆಳಕ ಕೊಟ್ಟದ್ದು ಆ ಕಡೀಗೆ ಐತಿ ಸಾಹೇಬ್ರ. ಛಲೋ ಕಣ್ಣ ನೆಳ್ಳಾಗ ಹೋಗೇತಿ. ನಾ ಪೊರಿ ಬರದ್ರ ಅದ ಮೊದಲ ಕಾಣೂದು."

ಮಣೆ ತಿರುಗಿಸಿದಾಗ ನನಗೆ ಬೇಕಿದ್ದದ್ದು ಅರ್ಧ ಬೆಳಕು, ಅರ್ಧ ನೆರಳು. ಯಾವ ಅರ್ಧಕ್ಕೆ ಏನಿದೆ ಎಂದು ಕೇಳಿಕೊಂಡಿರಲಿಲ್ಲ. ಆ ಫೋಟೊದಲ್ಲಿ ನಾನು ಉದ್ದೇಶಿಸಿದ್ದು ಏನು ಎಂದು ಯಾರಾದರೂ ಕೇಳಿದರೆ ಇಷ್ಟನ್ನೇ ಹೇಳಬಲ್ಲೆ. ಉಳಿದದ್ದೆಲ್ಲ ಆ ಮನೆಯವರು ಅದಕ್ಕೆ ಸೇರಿಸಿದ್ದು.

"ಕಾಣ್ಲಿ ಬಿಡ್ರಿ" ಅಂದಳು ಮಗಳು.

ಈ ಸಲ ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಹೊಸ ಪ್ರಿಂಟಿನ ಮೇಲೆ ಎಡಗಣ್ಣನ್ನು ಆಕೆಯ ಕಣ್ಣು ನೋಡಿ ಬರೆದರು. ಬಲಗಣ್ಣಿಗೆ ಬಂದಾಗ ಕೇಳಿದರು: "ಬಿಳುಪು ಎಷ್ಟಿತ್ತವ್ವಾ? ಹಾಲಿನಂಗ?"

"ಅಲ್ಲರಿ ಚಾಚಾ. ಅಂಬಲಿ ಇಟ್ಟ ಮ್ಯಾಲ, ಮ್ಯಾಲ ತಿಳಿ ನಿಂದರತೈತಲ್ರಿ, ಅಷ್ಟ. ನಡಬರಕ ಒಂಚೂರ ನೀಲಿ ಇತ್ತು."

ಕಪ್ಪುಬಿಳುಪಿನ ಫೋಟೊದಲ್ಲಿ ನೀಲಿಗೆ ಜಾಗವಿರಲಿಲ್ಲ. ಚಾಚಾ ಬೂದು ಬಣ್ಣಕ್ಕೆ ಒಂದು ಹನಿ ನೀರು ಹೆಚ್ಚು ಬೆರೆಸಿದರು. ಬದಿ ಮರೆತಿದ್ದ ಮಗಳಿಗೆ ಬಣ್ಣ ಅಷ್ಟು ನಿಖರವಾಗಿ ನೆನಪಿತ್ತು. ಇದರಲ್ಲಿ ಯಾವುದು ಸರಿಯಾದ ನೆನಪು ಎಂದು ತೀರ್ಮಾನ ಮಾಡಲು ನಾನು ಈಗಲೂ ಹೋಗುವುದಿಲ್ಲ. ಕೆಲವು ವರ್ಷಗಳಲ್ಲಿ ಆ ಸ್ಟುಡಿಯೊಗೆ ಕಂಪ್ಯೂಟರ್ ಬಂತು. ಬೇರೆ ಯಾರದೋ ಫೋಟೊದಿಂದ ಕಣ್ಣು ತೆಗೆದು ಅಂಟಿಸುವುದು ಐದು ನಿಮಿಷದ ಕೆಲಸವಾಯಿತು. ಎದುರಿಗೆ ಯಾರನ್ನೂ ಕೂರಿಸುವ, ಯಾರನ್ನೂ ಏನನ್ನೂ ಕೇಳುವ ಅಗತ್ಯ ಉಳಿಯಲಿಲ್ಲ.

ತಿಂಗಳ ಪೂಜೆಗೆ ಮಗಳು ಮತ್ತೆ ಮುರಗೋಡಕ್ಕೆ ಬಂದಾಗ ಫೋಟೊ ಒಯ್ದೆ. ಆಕೆ ಸೆರಗಿನಿಂದ ಗಾಜು ಒರೆಸಿ ಒಂದೇ ಮಾತು ಅಂದಳು: "ಬಾ ಯವ್ವಾ." ಅಣ್ಣ ಪಡಸಾಲೆಯ ಗೋಡೆಗೆ ಮೊದಲೇ ಮೊಳೆ ಹೊಡೆದು ಇಟ್ಟಿದ್ದ. ಏಣಿ ಹತ್ತಿ ಫೋಟೊಗೆ ಕೈ ಚಾಚಿದ. ಆಕೆ ಕೊಡಲಿಲ್ಲ. ಗೋಡೆ ನೋಡಿದಳು, ತಲೆಬಾಗಿಲು ನೋಡಿದಳು.

"ಅಲ್ಲಿ ಬ್ಯಾಡ ಅಣ್ಣ. ಅಲ್ಲಿ ಹಾಕಿದ್ರ ಬಾಗಲಾ ಅವ್ವನ ಬಲಕ್ಕ ಬರತೈತಿ. ಮನಿಗೆ ಬಂದವರು ಕಾಣಂಗಿಲ್ಲ ಆಕಿಗೆ."

ಅವನು ಏಣಿಯ ಮೇಲೆ ನಿಂತೇ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದ. ಆಮೇಲೆ ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡು ಇಳಿದ. ಸೊಸೆ ಏಣಿಯ ಒಂದು ತುದಿ ಹಿಡಿದಳು, ಅವನು ಇನ್ನೊಂದು ತುದಿ ಹಿಡಿದ, ಇಬ್ಬರೂ ಅ‌ದನ್ನು ಎದುರು ಗೋಡೆಗೆ ಒಯ್ದರು.